ಚಾಳೀಸು ಬೇಡವಾಯ್ತು ಅಂದಾಗ ನಾನು ಸಕ್ಕರೆ ನೋಡಿಸುತ್ತೇನೆ

ನಾನು ಶಿವಮೊಗ್ಗದಲ್ಲಿ ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವಳು. ನಲವತ್ತರ ಆಸುಪಾಸಿನಲ್ಲಿ ಬರುವವರಿಗೆ ಕನ್ನಡಕದ ನಂಬರ್ ಜೊತೆ ಇನ್ನೊಂದು ಅಳತೆಯನ್ನೂ ಬರೆದಿಡುತ್ತೇನೆ. ಸಣ್ಣ ಅಕ್ಷರ ಕಣ್ಣಿಗೆ ಎಷ್ಟು ಹತ್ತಿರ ಬರುವವರೆಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವ ಅಳತೆ ಅದು.

ಇದಕ್ಕೆ ದೊಡ್ಡ ಮಷಿನ್ ಬೇಡ. ದೂರದ ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, ಅಕ್ಷರದ ಕಾರ್ಡನ್ನು ಸ್ಕೇಲಿನ ಮೇಲೆ ನಿಧಾನಕ್ಕೆ ಹತ್ತಿರ ತರುತ್ತೇನೆ. "ಮಸುಕಾದ ತಕ್ಷಣ ಹೇಳಿ." ಕಣ್ಣು ಕಿರಿದು ಮಾಡಿ ಓದಲು ಬಿಡಬಾರದು. ಬೆಳಕೂ ಪ್ರತಿಸಲ ಒಂದೇ ಥರ ಇರಬೇಕು. ಬೆಳಕು ಜಾಸ್ತಿಯಾದರೆ ಪಾಪೆ ಚಿಕ್ಕದಾಗಿ, ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

100ನ್ನು ಮಸುಕಾದ ಜಾಗದ ಸೆಂಟಿಮೀಟರಿನಿಂದ ಭಾಗಿಸಿದರೆ, ಕಣ್ಣು ಹತ್ತಿರಕ್ಕೆ ಫೋಕಸ್ ಮಾಡುವ ಶಕ್ತಿ ಡಯಾಪ್ಟರ್ ಅನ್ನುವ ಅಳತೆಯಲ್ಲಿ ಸಿಗುತ್ತದೆ. ಆಯಾ ವಯಸ್ಸಿನ ಸರಾಸರಿಗೆ ಹಾಫ್‌ಸ್ಟೆಟರ್ ಸೂತ್ರ ಇದೆ: 18.5ರಲ್ಲಿ ವಯಸ್ಸಿನ 0.3 ಪಟ್ಟು ಕಳೆಯಿರಿ. 40ಕ್ಕೆ 6.5, ಅಂದರೆ ಸುಮಾರು 15 ಸೆಂ.ಮೀ. 50ಕ್ಕೆ 3.5, ಅಂದರೆ 28–29 ಸೆಂ.ಮೀ.

"ಹಾಗಾದ್ರೆ ನನ್ನ ದೇಹದ ವಯಸ್ಸೆಷ್ಟು ಮೇಡಂ?" ಅಂತ ಕೇಳುತ್ತಾರೆ. ಈ ಸ್ಕೇಲು ಅದನ್ನು ಹೇಳುವುದಿಲ್ಲ. ದಿನಾ ವಾಕಿಂಗ್ ಹೋಗುವವರಿಗೂ ಕಣ್ಣಿನ ಮಸೂರ ಗಟ್ಟಿಯಾಗುತ್ತದೆ, ಚಾಳೀಸು ಬಂದೇ ಬರುತ್ತದೆ.

ನನ್ನನ್ನು ಎಚ್ಚರಿಸುವುದು ಇದರ ಉಲ್ಟಾ ಸಂಗತಿ. ನಲವತ್ತಾರರ ಮೇಷ್ಟ್ರೊಬ್ಬರು ಬಂದಿದ್ದರು. "ಓದೋಕೆ ಈಗ ಕನ್ನಡಕವೇ ಬೇಡ, ಬೋರ್ಡ್ ಮಾತ್ರ ಮಸುಕು. ಬೇಗ ಒಂದು ಗ್ಲಾಸ್ ಹಾಕ್ಕೊಡಿ" ಅಂದರು. ಕಣ್ಣಿಗೆ ವಯಸ್ಸು ಕಡಿಮೆಯಾಯ್ತು ಅಂತ ಅವರಿಗೆ ಖುಷಿ. ಪರೀಕ್ಷಿಸಿದರೆ, ಹಿಂದೆ ಸೊನ್ನೆ ಇದ್ದ ದೂರದ ನಂಬರ್ ಮೈನಸ್ ಕಡೆಗೆ ಸರಿದಿತ್ತು, ಅಂದರೆ ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು. ಗ್ಲಾಸ್ ಕೊಡದೆ ರಕ್ತಪರೀಕ್ಷೆಗೆ ಕಳಿಸಿದೆ. ಸಕ್ಕರೆ ವಿಪರೀತ ಏರಿತ್ತು. ಸಕ್ಕರೆ ಏರಿಳಿದಾಗ ಮಸೂರದ ನೀರಿನಂಶ ಬದಲಾಗಿ ನಂಬರ್ ಹೀಗೆ ಸರಿಯುತ್ತದೆ. ಔಷಧಿ ಶುರುವಾಗಿ ಕೆಲವು ವಾರಕ್ಕೆ ನಂಬರ್ ಹಿಂದಕ್ಕೆ ಬಂತು, ಚಾಳೀಸೂ ವಾಪಸ್ ಬಂತು. ಅವತ್ತೇ ಗ್ಲಾಸ್ ಮಾಡಿಸಿದ್ದರೆ ದುಡ್ಡು ದಂಡ, ಕಾಯಿಲೆಯೂ ಇನ್ನಷ್ಟು ದಿನ ಮುಚ್ಚಿಕೊಂಡಿರುತ್ತಿತ್ತು.

ಅವರನ್ನು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ನೋಡಿಸಲು ಕಣ್ಣಿನ ಡಾಕ್ಟರ ಹತ್ತಿರವೂ ಕಳಿಸಿದೆ. ದೇಹವನ್ನು ಕುಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಅದು. ರೆಟಿನಾ ಫೋಟೊ ನೋಡಿ ಗೂಗಲ್‌ನ ಕಂಪ್ಯೂಟರ್ ಸರಾಸರಿ 3.26 ವರ್ಷದ ವ್ಯತ್ಯಾಸದಲ್ಲಿ ವಯಸ್ಸು ಊಹಿಸಿದ್ದು 2018ರಲ್ಲಿ ಪ್ರಕಟವಾಯಿತು. ನನಗಂತೂ ಆ ಊಹೆಗಿಂತ, ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಕಾಣುವ ಸಣ್ಣ ಕೆಂಪು ಚುಕ್ಕೆಗಳೇ ಮುಖ್ಯ. ನೋಟ ಚೆನ್ನಾಗಿರುವಾಗಲೇ ಅವು ಶುರುವಾಗಿರಬಹುದು. ಹಾಗಾಗಿ ಸಕ್ಕರೆ ಇರುವವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಆ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಸುಕಾಗುತ್ತದೆ, ಗಾಡಿ ಓಡಿಸಲು ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ.