ಮಗ, ಮಗಳು ಕಮ್ಯುನಿಟಿ ಕಾಲೇಜಿಗೆ ಹೊರಟಾಗ: ಬೇ ಏರಿಯಾಕ್ಕೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

ಊರಲ್ಲಿ ಪಿಯುಸಿ ಮುಗಿಸಿಯೋ, ಇಲ್ಲಿನ ಹೈಸ್ಕೂಲಿನಲ್ಲಿ ಒಂದೆರಡು ವರ್ಷ ಓದಿಯೋ ನಿಮ್ಮ ಮಗ ಅಥವಾ ಮಗಳು ಈ ಸಲ ಕಮ್ಯುನಿಟಿ ಕಾಲೇಜಿಗೆ ಸೇರುತ್ತಿದ್ದರೆ ಇದು ನಿಮಗಾಗಿ. ಆನ್‌ಲೈನ್ ಅರ್ಜಿಯನ್ನು ಮಕ್ಕಳೇ ತುಂಬಿಕೊಳ್ಳುತ್ತಾರೆ, ಅದು ಕಷ್ಟವೇನಲ್ಲ. ಅಪ್ಪ ಅಮ್ಮ ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ನೆ ಇರಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಕಮ್ಯುನಿಟಿ ಕಾಲೇಜು ಎಂದರೆ ಎಲ್ಲೂ ಸೀಟು ಸಿಗದವರು ಹೋಗುವ ಜಾಗ ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಸಿಇಟಿ ರ‍್ಯಾಂಕ್ ನೋಡಿ ಕಾಲೇಜು ಅಳೆದು ಅಭ್ಯಾಸ, ಅಲ್ವಾ? ಇಲ್ಲಿನ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜುಗಳು 116 ಇವೆ. ಮೊದಲ ಎರಡು ವರ್ಷ ಇಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೋ (ಯುಸಿ) ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೋ (ಕ್ಯಾಲ್ ಸ್ಟೇಟ್) ಟ್ರಾನ್ಸ್‌ಫರ್ ಆಗುವುದು ಉನ್ನತ ಶಿಕ್ಷಣಕ್ಕೆಂದು ಮಾಡಿದ 1960ರ ಮಾಸ್ಟರ್ ಪ್ಲಾನ್‌ನಿಂದ ರಾಜ್ಯವೇ ಹಾಕಿಕೊಟ್ಟಿರುವ ದಾರಿ. ಬೇರೆ ಕಡೆಯಿಂದ ಟ್ರಾನ್ಸ್‌ಫರ್ ಕೇಳುವವರಿಗಿಂತ ಇಲ್ಲಿನ ಕಮ್ಯುನಿಟಿ ಕಾಲೇಜಿನ ಮಕ್ಕಳಿಗೆ ಯುಸಿ ಮೊದಲ ಆದ್ಯತೆ ಕೊಡುತ್ತದೆ. ಕೊನೆಗೆ ಡಿಗ್ರಿ ಸಿಗುವುದು ಆ ಯೂನಿವರ್ಸಿಟಿಯಿಂದಲೇ.

ಹಾಗಾಗಿ ಮೈಸೂರಿನಿಂದ ಅಜ್ಜಿ ಫೋನ್ ಮಾಡಿ "ಯಾವ ಕಾಲೇಜಮ್ಮಾ?" ಎಂದು ಕೇಳಿದಾಗ, "ಸದ್ಯಕ್ಕೆ ಇಲ್ಲೇ ಹತ್ತಿರ ಒಂದು ಕಡೆ ಸೇರಿಸಿದ್ದೀವಿ" ಎಂದು ದನಿ ತಗ್ಗಿಸಬೇಡಿ. ಪಕ್ಕದ ರೂಮಿನಲ್ಲಿ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಡಿ ಆನ್ಜಾ, ಫುಟ್‌ಹಿಲ್, ಓಲೋನಿ, ಮಿಷನ್, ವೆಸ್ಟ್ ವ್ಯಾಲಿ, ಯಾವುದೇ ಇರಲಿ, ಹೆಸರು ಹಿಡಿದು ಹೇಳಿ. ಹಬ್ಬಕ್ಕೆ ಸೇರಿದಾಗಲೂ ಅಷ್ಟೇ. ಮನೆಯವರೇ ನಾಚಿಕೊಂಡರೆ ಮಗುವಿಗೆ ಮೊದಲ ವಾರವೇ ಮನಸ್ಸು ಮುರಿಯುತ್ತದೆ. ಅದನ್ನು ಯಾವ ಟ್ಯೂಷನ್ನೂ ಸರಿಮಾಡುವುದಿಲ್ಲ.

ಕಾಲೇಜು ನಿಮ್ಮ ಜೊತೆ ಮಾತಾಡುವುದಿಲ್ಲ

ಹೊಸಬರಿಗೆ ತುಂಬ ಕಸಿವಿಸಿ ಆಗುವ ವಿಷಯ ಇದು. ಫೆರ್ಪಾ ಎಂಬ 1974ರ ಕಾನೂನಿನ ಪ್ರಕಾರ, ಹೈಸ್ಕೂಲು ದಾಟಿ ಕಾಲೇಜಿಗೆ ಸೇರಿದ ಕೂಡಲೇ ದಾಖಲೆಗಳ ಹಕ್ಕು ವಿದ್ಯಾರ್ಥಿಗೆ ಹೋಗುತ್ತದೆ. ವಯಸ್ಸು 17 ಆದರೂ ಅಷ್ಟೇ, ಫೀಸು ನೀವೇ ಕಟ್ಟಿದರೂ ಅಷ್ಟೇ. ನೀವು ಫೋನ್ ಮಾಡಿ ಗ್ರೇಡು ಕೇಳಿದರೆ, ಕ್ಲಾಸಿಗೆ ಬರುತ್ತಿದ್ದಾನಾ ಎಂದು ವಿಚಾರಿಸಿದರೆ ಅವರು ಹೇಳುವುದಿಲ್ಲ. ಪೇರೆಂಟ್ಸ್ ಮೀಟಿಂಗ್ ಇಲ್ಲ, ಪ್ರೋಗ್ರೆಸ್ ಕಾರ್ಡು ಮನೆಗೆ ಬರುವುದಿಲ್ಲ, ಅಟೆಂಡೆನ್ಸ್ ಶಾರ್ಟೇಜ್ ಎಂದು ಯಾರೂ ಕರೆಸುವುದಿಲ್ಲ. ಮಗು ಬರೆದು ಒಪ್ಪಿಗೆ ಕೊಟ್ಟರೆ ಮಾತಾಡುತ್ತಾರೆ. ಆದರೆ ಸೇರಿದ ದಿನವೇ ಆ ಫಾರಂಗೆ ಸಹಿ ಹಾಕಿಸಿಕೊಳ್ಳಲು ಕೂರಬೇಡಿ ಎಂದೇ ನಮ್ಮ ಸಲಹೆ. ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ಮಗುವಿಗೆ ಹೇಳಿದ ಹಾಗಾಗುತ್ತದೆ.

ಮಗುವಿನ ಪಾಸ್‌ವರ್ಡ್ ತೆಗೆದುಕೊಂಡು ನೀವೇ ಪ್ರೊಫೆಸರ್‌ಗೆ ಮೇಲ್ ಬರೆಯುವುದೂ ಬೇಡ. ಕೆಲವರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಇಲ್ಲಿ ಅರ್ಧ ಓದು ಕೇಳುವುದರಲ್ಲಿದೆ: ಆಫೀಸ್ ಅವರ್ಸ್‌ಗೆ ಹೋಗುವುದು, ಅರ್ಥ ಆಗಲಿಲ್ಲ ಎಂದು ಹೇಳುವುದು, ಯಾವ ಕೋರ್ಸ್ ತೆಗೆದುಕೊಳ್ಳಬೇಕು ಎಂದು ಸಲಹೆ ಕೊಡುವ ಕೌನ್ಸೆಲರ್ ಜೊತೆ ಅಪಾಯಿಂಟ್‌ಮೆಂಟ್ ಹಿಡಿಯುವುದು. ನಮ್ಮ ಮಕ್ಕಳಿಗೆ ಮೇಷ್ಟ್ರ ರೂಮಿಗೆ ಹೋಗುವುದೆಂದರೆ ಬೈಸಿಕೊಳ್ಳಲು ಹೋಗುವುದು ಎಂದೇ ಗೊತ್ತು. ಇಲ್ಲಿ ಪ್ರೊಫೆಸರ್ ಆ ಹೊತ್ತನ್ನು ಮಕ್ಕಳಿಗಾಗಿಯೇ ಇಟ್ಟಿರುತ್ತಾರೆ ಎಂದು ಮೊದಲೇ ಹೇಳಿ. ಮೇಲ್ ಬರೆಯಲು ಹಿಂಜರಿದರೆ ಜೊತೆಯಲ್ಲಿ ಕೂತು ಬರೆಸಿ. ಸೆಂಡ್ ಒತ್ತುವುದು ಮಗುವೇ ಆಗಲಿ.

ಮನೆಯಲ್ಲಿ ಏನು ಕೇಳಬೇಕು? "ಎಷ್ಟು ಬಂತು?" ಎಂದರೆ ಉತ್ತರ ಅಲ್ಲಿಗೇ ನಿಲ್ಲುತ್ತದೆ. "ಈ ವಾರ ಏನೇನು ಸಬ್‌ಮಿಟ್ ಮಾಡೋದಿದೆ?" ಎಂದು ಕೇಳಿ ನೋಡಿ. ಕಾಲೇಜಿನ ಆನ್‌ಲೈನ್ ತಾಣವಾದ ಕ್ಯಾನ್ವಾಸ್‌ನಲ್ಲಿ ಎಲ್ಲ ಕೋರ್ಸಿನ ಕೊನೆ ದಿನಾಂಕಗಳೂ ಇರುತ್ತವೆ. ಭಾನುವಾರ ರಾತ್ರಿ ಊಟ ಆದ ಮೇಲೆ ಮಗುವೇ ಅದನ್ನು ತೆಗೆದು ವಾರದ ಲೆಕ್ಕ ಹೇಳುವ ರೂಢಿ ಮಾಡಿಕೊಂಡರೆ, ಬೇರೆ ದಿನ ನೀವು ಕೇಳುವ ಅಗತ್ಯವೇ ಬೀಳುವುದಿಲ್ಲ.

ಹೊತ್ತಿನ ಲೆಕ್ಕ

ಪಿಯುಸಿಯಲ್ಲಿ ವರ್ಷದ ಕೊನೆಯ ಪರೀಕ್ಷೆಯೇ ಎಲ್ಲ. ಸ್ಟಡಿ ಹಾಲಿಡೇಸ್‌ನಲ್ಲಿ ಹಗಲು ರಾತ್ರಿ ಓದಿ ದಡ ಸೇರಬಹುದು. ಇಲ್ಲಿ ಹಾಗಾಗುವುದಿಲ್ಲ. ಮೊದಲ ವಾರದ ಹೋಮ್‌ವರ್ಕ್‌ಗೂ ಅಂಕ ಇದೆ, ಕ್ವಿಜ್‌ಗೂ ಇದೆ. ಡಿ ಆನ್ಜಾ, ಫುಟ್‌ಹಿಲ್ ಎರಡರಲ್ಲೂ ಕ್ವಾರ್ಟರ್ ಪದ್ಧತಿ, ಸುಮಾರು 12 ವಾರಕ್ಕೆ ಎಲ್ಲ ಮುಗಿದುಹೋಗುತ್ತದೆ. ಮೂರು ನಾಲ್ಕನೇ ವಾರಕ್ಕೇ ಮಿಡ್‌ಟರ್ಮ್ ಬಂದಿರುತ್ತದೆ. ಉಳಿದ ಹೆಚ್ಚಿನ ಕಾಲೇಜುಗಳಲ್ಲಿ ಸೆಮಿಸ್ಟರ್, ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ.

ಕೋರ್ಸುಗಳನ್ನು ಯೂನಿಟ್, ಅಂದರೆ ಕ್ರೆಡಿಟ್, ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಟರ್ಮ್‌ಗೆ (ಕ್ವಾರ್ಟರ್ ಅಥವಾ ಸೆಮಿಸ್ಟರ್) 12 ಯೂನಿಟ್ ತೆಗೆದುಕೊಂಡರೆ ಫುಲ್‌ಟೈಮ್. ಕ್ಲಾಸು, ಮನೆಯ ಓದು ಸೇರಿ ಒಂದು ಯೂನಿಟ್‌ಗೆ ವಾರಕ್ಕೆ 3 ಗಂಟೆ ಎಂದು ಲೆಕ್ಕ. ಅಂದರೆ ವಾರಕ್ಕೆ 36 ಗಂಟೆ, ಹೆಚ್ಚುಕಡಿಮೆ ಒಂದು ನೌಕರಿ. ಮಗು ಮಧ್ಯಾಹ್ನ 1 ಗಂಟೆಗೆ ಮನೆಗೆ ಬಂದರೆ ಕಾಲೇಜು ಮುಗಿಯಿತು ಎಂದು ತಿಳಿಯಬೇಡಿ. ತಮ್ಮನನ್ನು ಸ್ಕೂಲಿನಿಂದ ಕರೆತರುವುದು, ಕಾಸ್ಟ್‌ಕೋಗೆ ಹೋಗುವುದು, ಊರಿನಿಂದ ಬಂದ ನೆಂಟರಿಗೆ ಸ್ಯಾನ್ ಫ್ರಾನ್ಸಿಸ್ಕೋ ತೋರಿಸುವುದು, ಎಲ್ಲ ಅದರ ತಲೆಗೇ ಬೀಳುತ್ತದೆ, ಹೆಣ್ಣುಮಕ್ಕಳಾದರಂತೂ ಜಾಸ್ತಿ. ಮನೆಗೆಲಸ ಬೇಡವೇ ಬೇಡ ಎಂದಲ್ಲ. ಯಾವ ಹೊತ್ತು ಓದಿಗೆ ಎಂದು ಮೊದಲೇ ಗೊತ್ತುಮಾಡಿ, ಆ ಹೊತ್ತಿಗೆ ಕೈ ಹಾಕಬೇಡಿ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್‌ನಲ್ಲಿ ಓದಲು ಜಾಗ ಇಲ್ಲದಿದ್ದರೆ ಕಾಲೇಜಿನ ಲೈಬ್ರರಿಯಲ್ಲೇ ಸಂಜೆವರೆಗೂ ಇರಲಿ. ಬುತ್ತಿ ಕಟ್ಟಿ ಕಳಿಸಿ. ಅಲ್ಲಿನ ಟ್ಯೂಟರಿಂಗ್‌ಗೆ ದುಡ್ಡಿಲ್ಲ, ಟೆಕ್ಸ್ಟ್‌ಬುಕ್ಕೂ ಎಷ್ಟೋ ಸಲ ಅಲ್ಲೇ ಓದಲು ಸಿಗುತ್ತದೆ.

ಇಂಗ್ಲಿಷ್, ಗಣಿತದ ಯಾವ ಕೋರ್ಸಿನಿಂದ ಶುರು ಮಾಡಬೇಕು ಎನ್ನುವುದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಹೊರದೇಶದಲ್ಲಿ ಓದಿ ಬಂದವರು ಪ್ರಶ್ನಾವಳಿ ತುಂಬಿ ತಮ್ಮ ಮಟ್ಟ ತಾವೇ ಅಂದಾಜು ಮಾಡಿಕೊಳ್ಳುತ್ತಾರೆ. ಪಿಯುಸಿಯಲ್ಲಿ ಕ್ಯಾಲ್ಕ್ಯುಲಸ್ ಆಗಿದೆ, ಮುಂದಿನದಕ್ಕೇ ಹೋಗಲಿ ಎಂದು ಒತ್ತಾಯ ಮಾಡಬೇಡಿ. ಮೊದಲ ಟರ್ಮ್ ಗಟ್ಟಿಯಾಗಿ ನಿಲ್ಲುವುದು ಮುಖ್ಯ.

ಇನ್ನೊಂದು ಎಚ್ಚರಿಕೆ. ಊರಲ್ಲಿ ಗೆಳೆಯರ ರೆಕಾರ್ಡ್ ನೋಡಿ ಬರೆಯುವುದು ಯಾರಿಗೂ ದೊಡ್ಡ ತಪ್ಪು ಅನಿಸುವುದಿಲ್ಲ. ಇಲ್ಲಿ ಅಸೈನ್‌ಮೆಂಟ್ ನಕಲು ಮಾಡಿದರೆ ಸೊನ್ನೆ ಬೀಳಬಹುದು, ಶಿಸ್ತು ಕ್ರಮಕ್ಕೂ ಹೋಗಬಹುದು. ಎಐ ಎಷ್ಟು ಬಳಸಬಹುದು ಅನ್ನೋದು ಒಬ್ಬೊಬ್ಬ ಪ್ರೊಫೆಸರ್‌ಗೆ ಒಂದೊಂದು ರೀತಿ, ಸಿಲಬಸ್‌ನಲ್ಲಿ ಬರೆದಿರುತ್ತಾರೆ. ಓದಿಕೊಳ್ಳಲು ಹೇಳಿ.

ಫೀಸು ಮತ್ತು ವೀಸಾ

ಇಲ್ಲಿ ಮಾತ್ರ ನೀವು ಪೂರ್ತಿ ಕೈ ಹಾಕಬೇಕು. ಕಾಗದ ಪತ್ರಗಳೆಲ್ಲ ಇರುವುದು ನಿಮ್ಮ ಹತ್ತಿರವೇ.

ಕ್ಯಾಲಿಫೋರ್ನಿಯಾ ನಿವಾಸಿ ಎಂದು ಒಪ್ಪಿದರೆ ಸೆಮಿಸ್ಟರ್ ಕಾಲೇಜುಗಳಲ್ಲಿ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಕಾಲೇಜುಗಳಲ್ಲಿ 31 ಡಾಲರ್. ನಿವಾಸಿ ಅಲ್ಲದಿದ್ದರೆ ಅದರ ಹಲವು ಪಟ್ಟು. ನಿವಾಸಿ ಎನಿಸಿಕೊಳ್ಳಲು ಟರ್ಮ್ ಶುರುವಾಗುವ ಮೊದಲು ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆಯೂ ಬೇಕು. ಎಚ್-4, ಎಲ್-2 ವೀಸಾದಲ್ಲಿ (ಎಚ್-1ಬಿ, ಎಲ್-1 ನೌಕರರ ಗಂಡ, ಹೆಂಡತಿ, ಮಕ್ಕಳ ವೀಸಾ) ಇರುವವರೂ ಹೀಗೆ ನಿವಾಸಿ ಆಗಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ. ಬಾಡಿಗೆ ಕರಾರು, ರಾಜ್ಯದ ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ದೇಶಕ್ಕೆ ಬಂದ ದಾಖಲೆಯಾದ ಐ-94, ಇವನ್ನೆಲ್ಲ ಬಂದ ತಿಂಗಳಿನಿಂದಲೇ ಒಂದು ಫೈಲಿನಲ್ಲಿ ಇಡಿ. ಬೇಸಿಗೆಯಲ್ಲಿ ಬಂದು ಆಗಲೇ ಸೇರಿದವರಿಗೆ ಮೊದಲ ವರ್ಷ ಹೆಚ್ಚಿನ ಫೀಸು ತಪ್ಪುವುದಿಲ್ಲ. ವರ್ಷ ತುಂಬಿದ ಮೇಲೂ ಕಾಲೇಜು ತಾನಾಗಿ ಬದಲಾಯಿಸುವುದಿಲ್ಲ. ಅಡ್ಮಿಷನ್ಸ್ ಆಫೀಸಿನಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಲೇಬೇಕು. ಆಗ ಈ ಫೈಲು ಕೆಲಸಕ್ಕೆ ಬರುತ್ತದೆ.

ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ತುಂಬಿದರೆ ಫೀಸು ಮಾಫಿ ಎಂದು ಯಾರಾದರೂ ಹೇಳಿದರೆ ಅದು ತಾವೇ ಸಿಟಿಜನ್ ಆಗಿರುವ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳ ಮಾತು. ಎಚ್-4 ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ. ಅವರು ಕ್ಯಾಂಪಸ್ಸಿನ ಬುಕ್‌ಸ್ಟೋರ್‌ನಲ್ಲೂ ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ಜೊತೆಯವರೆಲ್ಲ ಸ್ವಂತ ದುಡ್ಡಿನಲ್ಲಿ ಕಾಫಿ ಕುಡಿಯುವಾಗ ಈ ಮಗು ಪ್ರತಿ ಸಲ ನಿಮ್ಮ ಮುಂದೆ ಕೈ ಚಾಚಬೇಕು. ತಿಂಗಳಿಗೆ ಇಷ್ಟು ಎಂದು ಕೇಳುವ ಮೊದಲೇ ಅಕೌಂಟಿಗೆ ಹಾಕಿಬಿಡಿ, ಲೆಕ್ಕ ಕೇಳಬೇಡಿ.

21 ತುಂಬಿದರೆ ಎಚ್-4 ಮುಗಿಯುತ್ತದೆ. ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು, ಆಗ ಫೀಸಿನ ಲೆಕ್ಕವೂ ಬದಲಾಗಬಹುದು. 20 ದಾಟುವ ಮೊದಲೇ ವಕೀಲರ ಹತ್ತಿರ ಮಾತಾಡಿ. ಈ ಚಿಂತೆ ಮಗುವಿಗೂ ಇರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಮುಚ್ಚಿಡದೆ ಕೂರಿಸಿಕೊಂಡು ಹೇಳಿ.

ಟ್ರಾನ್ಸ್‌ಫರ್

ಮೊದಲ ಟರ್ಮ್‌ನಲ್ಲೇ ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲಾನ್ ಮಾಡಿಸಿಕೊಳ್ಳಲಿ. ಇಲ್ಲಿನ ಯಾವ ಕೋರ್ಸ್ ಯಾವ ಯುಸಿ ಅಥವಾ ಕ್ಯಾಲ್ ಸ್ಟೇಟ್‌ನಲ್ಲಿ ಯಾವುದಕ್ಕೆ ಸಮ ಎಂದು ಅಸಿಸ್ಟ್ ಡಾಟ್ ಆರ್ಗ್ ವೆಬ್‌ಸೈಟ್ ತೋರಿಸುತ್ತದೆ. ಟ್ರಾನ್ಸ್‌ಫರ್‌ಗೆ 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಬೇಕು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಯುಸಿಗಳಿಗೆ ಟ್ಯಾಗ್ ಎಂಬ ಖಾತರಿ ಪ್ರವೇಶ ಇದೆ, ಒಂದಕ್ಕೆ ಮಾತ್ರ ಹಾಕಬಹುದು. ಅದರ ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ. ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯೇಗೋ ಇದರಲ್ಲಿ ಇಲ್ಲ, ಕೆಲವು ಕ್ಯಾಂಪಸ್‌ಗಳಲ್ಲಿ ಎಂಜಿನಿಯರಿಂಗ್‌ಗೂ ಇಲ್ಲ. ಯಾವ ವಿಷಯ ಓದಬೇಕು ಎಂಬ ಜಗಳ ಮನೆಯಲ್ಲಿ ಇದ್ದರೆ ಮೊದಲ ವರ್ಷವೇ ಮುಗಿಸಿಕೊಳ್ಳಿ. ಎರಡನೇ ವರ್ಷ ಮೇಜರ್ (ಮುಖ್ಯ ವಿಷಯ) ಬದಲಾದರೆ ಹೊಸ ವಿಷಯದ ಕೋರ್ಸುಗಳು ಶುರುವಿನಿಂದ ಬೇಕಾಗಬಹುದು.

ಒಂದು ಕೋರ್ಸ್ ಕೈ ಕೊಟ್ಟರೆ

ಹಲವು ಮಕ್ಕಳಿಗೆ ಮೊದಲ ಟರ್ಮ್‌ನಲ್ಲಿ ಹೀಗೆ ಆಗುತ್ತದೆ. ಟರ್ಮ್ ಶುರುವಾದ ಮೊದಲ ವಾರಗಳಲ್ಲೇ ಆ ಕೋರ್ಸ್ ಬಿಟ್ಟರೆ ದಾಖಲೆಯಲ್ಲಿ ಗುರುತೂ ಉಳಿಯುವುದಿಲ್ಲ. ಆಮೇಲೆ, ಸುಮಾರು ಮುಕ್ಕಾಲು ಟರ್ಮ್‌ವರೆಗೆ, ಬಿಟ್ಟರೆ ಡಬ್ಲ್ಯೂ (ವಿತ್‌ಡ್ರಾ) ಎಂದು ಬೀಳುತ್ತದೆ, ಅದು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುವುದಿಲ್ಲ. ಆ ಗಡುವೂ ದಾಟಿದರೆ ಬಂದ ಗ್ರೇಡೇ ಗತಿ. ಡಿ ಅಥವಾ ಎಫ್ ಬಂದ ಕೋರ್ಸನ್ನು ಮತ್ತೆ ತೆಗೆದುಕೊಳ್ಳಬಹುದು, ಸಿ ಬಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಗಡುವಿಗೆ ಮೊದಲೇ ಮಗು ನಿಮ್ಮ ಹತ್ತಿರ ಬಂದು ಹೇಳುವಂತಿರಬೇಕು. ಬೈಗುಳ ಬೀಳುತ್ತೆ ಎಂದು ಹೆದರಿದ ಮಗು ಗಡುವು ದಾಟಿದ ಮೇಲೆಯೇ ಹೇಳುವುದು. ಕಾಲೇಜಿನ ವೆಬ್‌ಸೈಟಿನಲ್ಲಿ ಎರಡೂ ದಿನಾಂಕಗಳು ಇರುತ್ತವೆ. ಈ ವಾರವೇ ಮಗುವಿನ ಜೊತೆ ಕೂತು ಹುಡುಕಿ, ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ.