‘ಟ್ರಾಫಿಕ್ ಇನ್ ಸೈಟ್’ ಎಂದು ಹೇಳುವ ಮುನ್ನ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ 28 ಎಡ ಮತ್ತು 28 ಬಲ ಎಂಬ ಎರಡು ಸಮಾನಾಂತರ ರನ್‌ವೇಗಳ ನಡುಗೆರೆಗಳ ಮಧ್ಯೆ ಇರುವ ಅಂತರ 750 ಅಡಿ, ಅಂದರೆ ಸುಮಾರು 229 ಮೀಟರ್. ನಾನು ಹಾರಿಸುತ್ತಿದ್ದ ಬೋಯಿಂಗ್ 777 ವಿಮಾನದ ರೆಕ್ಕೆಗಳ ಹರವು 64.8 ಮೀಟರ್, ಪಕ್ಕದಲ್ಲಿ ಇಳಿಯುತ್ತಿದ್ದ ಏರ್‌ಬಸ್ 320ರದು ಸುಮಾರು 36 ಮೀಟರ್. ಇಬ್ಬರೂ ತಮ್ಮ ತಮ್ಮ ಗೆರೆಯ ಮೇಲೆ ಕರಾರುವಾಕ್ಕಾಗಿ ಇದ್ದರೂ ರೆಕ್ಕೆಯ ತುದಿಯಿಂದ ರೆಕ್ಕೆಯ ತುದಿಗೆ ಉಳಿಯುವುದು 180 ಮೀಟರಿಗಿಂತ ಸ್ವಲ್ಪ ಕಡಿಮೆ. ಆ ಊರಿನಲ್ಲಿರುವ ನನ್ನ ನೆಂಟರೊಬ್ಬರು ಕಿಟಕಿಯಿಂದ ತೆಗೆದ ಪಕ್ಕದ ವಿಮಾನದ ಚಿತ್ರವನ್ನು ಕಳುಹಿಸಿ, ‘ಇದು ಸರಿಯೇ?’ ಎಂದು ಕೇಳಿದ್ದರು. ಸರಿಯೇ, ಆದರೆ ಅದು ಯಾರ ಭರವಸೆಯ ಮೇಲೆ ನಡೆಯುತ್ತಿತ್ತು ಎಂಬುದು ನನಗೂ ಒಮ್ಮೆ ಎಡವಿದ ಮೇಲೆಯೇ ಪೂರ್ತಿ ಅರ್ಥವಾಯಿತು.

ಕೇವಲ ಉಪಕರಣಗಳ ಆಧಾರದ ಮೇಲೆ ಎರಡು ವಿಮಾನಗಳು ಸಮಾನಾಂತರ ರನ್‌ವೇಗಳಿಗೆ ಒಂದರ ಹಂಗಿಲ್ಲದೆ ಇನ್ನೊಂದು ಇಳಿಯಬೇಕಾದರೆ, ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಡುಗೆರೆಗಳ ಮಧ್ಯೆ ಕನಿಷ್ಠ 1,035 ಮೀಟರ್ ಇರಬೇಕು. ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2019ರಲ್ಲಿ ಎರಡನೆಯ ರನ್‌ವೇ ಬಂದಾಗ ಟರ್ಮಿನಲ್ ಕಟ್ಟಡಗಳೇ ಎರಡರ ನಡುವೆ ಉಳಿದವು. ಅಷ್ಟು ಜಾಗ ಅಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ರನ್‌ವೇಗಳು ಕೊಲ್ಲಿಯ ಅಂಚಿನಲ್ಲಿ ಒತ್ತಾಗಿ ಮಲಗಿವೆ. ಹಾಗಾಗಿ ಅಲ್ಲಿ ಜೋಡಿಯಾಗಿ ಇಳಿಸುವ ಕೆಲಸವನ್ನು ತಿಳಿಯಾದ ದಿನಗಳಲ್ಲಿ ಪೈಲಟ್‌ನ ಕಣ್ಣಿಗೆ ಒಪ್ಪಿಸಿದ್ದರು.

ಒಪ್ಪಿಸುವ ಬಗೆ ಹೀಗೆ. ಇಳಿಯಲು ಬರುವ ವಿಮಾನಗಳಿಗೆ ನೆಲದಿಂದ ದಾರಿ ಹೇಳುವ ಅಪ್ರೋಚ್ ಕಂಟ್ರೋಲರ್ ಅಲ್ಲಿಯವರೆಗೆ ನಮ್ಮ ನಡುವೆ ಮೂರು ನಾಟಿಕಲ್ ಮೈಲಿ ಅಥವಾ ಸಾವಿರ ಅಡಿ ಎತ್ತರದ ವ್ಯತ್ಯಾಸವನ್ನು ಕಾಯುತ್ತಿರುತ್ತಾರೆ. ಆಮೇಲೆ ಅವರು ಪಕ್ಕದ ವಿಮಾನ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ, ಯಾವ ಮಾದರಿಯದು ಎಂದು ಹೇಳಿ, ಕಾಣುತ್ತಿದೆಯೇ ಎಂದು ಕೇಳುತ್ತಾರೆ. ನಾವು ‘ಟ್ರಾಫಿಕ್ ಇನ್ ಸೈಟ್’, ಅಂದರೆ ಆ ವಿಮಾನ ಕಣ್ಣಿಗೆ ಕಾಣುತ್ತಿದೆ ಎಂದು, ಅದರಿಂದ ಕಣ್ಣಳತೆಯಲ್ಲೇ ದೂರ ಕಾಯ್ದುಕೊಳ್ಳುವ ಸೂಚನೆಯನ್ನು ಒಪ್ಪಿದ ಕ್ಷಣಕ್ಕೆ ಆ ಮೂರು ಮೈಲಿಯ ಲೆಕ್ಕ ಮುಗಿಯುತ್ತದೆ. ಅಂತರದ ಹೊಣೆ ಗಾಳಿಯಲ್ಲೇ ಕೈ ಬದಲಾಯಿಸುತ್ತದೆ. ಹದಿನೈದು ತಾಸಿಗೂ ಮೀರಿದ ಹಾರಾಟದ ಕೊನೆಯಲ್ಲಿ, ಬಳಲಿದ ಕಣ್ಣಿನಿಂದ ನಾವು ಆಡುವ ಮಾತು ಅದು.

ನನ್ನ ಎಡವಟ್ಟು ನಡೆದದ್ದು ನಾನಿನ್ನೂ ಸಹ ಪೈಲಟ್ ಆಗಿದ್ದಾಗ, ಒಂದು ಮುಸ್ಸಂಜೆಯಲ್ಲಿ. ನಾವು 28 ಎಡಕ್ಕೆ ಹೊರಟಿದ್ದೆವು. 28 ಬಲಕ್ಕೆ ಇಳಿಯುವ ಏರ್‌ಬಸ್ ಗಡಿಯಾರದ ಎರಡು ಗಂಟೆಯ ದಿಕ್ಕಿನಲ್ಲಿ, ಅಂದರೆ ಮುಂದೆ ಬಲಕ್ಕೆ, ನಾಲ್ಕು ಮೈಲಿ ದೂರದಲ್ಲಿದೆ ಎಂದರು. ಬಲಗಡೆಯ ಆಸನದಲ್ಲಿದ್ದ ನನಗೆ ಮಾತ್ರ ಆ ಕಿಟಕಿ ಇತ್ತು. ಎಡಗಡೆ ಕುಳಿತ ಕ್ಯಾಪ್ಟನ್‌ಗೆ ಕಾಣುವುದು ನನ್ನ ಭುಜ. ಎರಡು ಗಂಟೆಯ ದಿಕ್ಕಿನಲ್ಲೇ ದಿಗಂತಕ್ಕೆ ಸಮವಾಗಿ ಒಂದು ಬಿಳಿ ಬೆಳಕು ನಿಚ್ಚಳವಾಗಿ ಹೊಳೆಯುತ್ತಿತ್ತು. ಕಾಣುತ್ತಿದೆ ಎಂದುಬಿಟ್ಟೆ. ಕಂಟ್ರೋಲರ್ ಅಷ್ಟೇ ಸಲೀಸಾಗಿ, ಕಣ್ಣಿನ ಆಧಾರದಲ್ಲೇ ಇಳಿಯುವ ವಿಷುವಲ್ ಅಪ್ರೋಚ್‌ಗೆ ಅನುಮತಿ ಕೊಟ್ಟರು.

ಅರ್ಧ ನಿಮಿಷದ ಮೇಲೆ ಏನೋ ಕಸಿವಿಸಿ. ದಿಗಂತಕ್ಕೆ ಸಮವಾಗಿ ಕಾಣುವ ವಸ್ತು ಹೆಚ್ಚುಕಡಿಮೆ ನಮ್ಮದೇ ಎತ್ತರದಲ್ಲಿರುತ್ತದೆ, ಇದು ವಿಮಾನ ಹಾರಿಸುವವರ ಬಾಲಪಾಠ. ಆದರೆ ಸುತ್ತಲಿನ ವಿಮಾನಗಳನ್ನು ತೋರಿಸಿ ಡಿಕ್ಕಿಯ ಎಚ್ಚರಿಕೆ ಕೊಡುವ ಟೀಕ್ಯಾಸ್ ಉಪಕರಣದ ಪರದೆಯ ಮೇಲಿನ ವಜ್ರಾಕೃತಿ ಆ ಏರ್‌ಬಸ್ ನಮಗಿಂತ 800 ಅಡಿ ಕೆಳಗಿದೆ ಎನ್ನುತ್ತಿತ್ತು. ಅಂದರೆ ಅದು ದಿಗಂತದ ಕೆಳಗೆ, ಹೇವರ್ಡ್ ಮತ್ತು ಸ್ಯಾನ್ ಲಿಯಾಂಡ್ರೋ ಊರುಗಳ ಸಾವಿರಾರು ದೀಪಗಳ ನಡುವೆ ಎಲ್ಲೋ ಕರಗಿಹೋಗಿತ್ತು. ನಾನು ನೆಚ್ಚಿಕೊಂಡಿದ್ದ ಬೆಳಕು ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಬೇರೊಂದು ವಿಮಾನದ್ದು.

ಟ್ರಾಫಿಕ್ ಕಾಣುತ್ತಿಲ್ಲ ಎಂದು ಹೇಳಲು ನನಗೆ ಮೂರೋ ನಾಲ್ಕೋ ಸೆಕೆಂಡ್ ಹಿಡಿಯಿತು. ಅದು ಅವಮಾನದ ತೂಕ, ಬೇರೇನಲ್ಲ. ಕಂಟ್ರೋಲರ್ ಒಂದು ಮಾತೂ ಹೆಚ್ಚಿಗೆ ಆಡದೆ ನಮ್ಮನ್ನು ಎಡಕ್ಕೆ ತಿರುಗಿಸಿ, ಮೇಲೇರಿಸಿ, ಸುತ್ತುಹಾಕಿಸಿ ಮತ್ತೆ ಸಾಲಿಗೆ ಸೇರಿಸಿದರು. ಇಪ್ಪತ್ತು ನಿಮಿಷ ತಡವಾಗಿ ಇಳಿದೆವು.

ಅಲ್ಲಿಂದಾಚೆಗೆ ನಾನು ರೂಢಿಸಿಕೊಂಡ ಪದ್ಧತಿ ಸರಳ. ಇಳಿಯಲು ತೊಡಗುವ ಮೊದಲೇ, ಯಾವ ರನ್‌ವೇ ಸಿಕ್ಕರೆ ಯಾರ ಕಿಟಕಿಯಲ್ಲಿ ಪಕ್ಕದ ವಿಮಾನ ಕಾಣಬೇಕು ಎಂಬುದನ್ನು ಮಾತಾಡಿಕೊಳ್ಳುತ್ತಿದ್ದೆವು. ಬೆಳಕು ಕಂಡರೆ ಸಾಲದು. ಅದು ದಿಗಂತದ ಮೇಲಿದೆಯೋ ಕೆಳಗಿದೆಯೋ ಎಂಬುದು ಪರದೆಯ ಎತ್ತರದ ಅಂಕಿಯೊಂದಿಗೆ ತಾಳೆಯಾಗಬೇಕು. ಪರದೆಯನ್ನು ನೋಡಿ ‘ಕಂಡಿತು’ ಎನ್ನುವಂತಿಲ್ಲ, ಅದು ನಿಯಮವೇ. ಆದರೆ ಕಣ್ಣು ಹಿಡಿದದ್ದನ್ನು ಪರದೆಯಿಂದ ಸುಳ್ಳಾಗಿಸಲು ಯತ್ನಿಸುವುದಕ್ಕೆ ಅಡ್ಡಿಯಿಲ್ಲ. ಎರಡೂ ಹೊಂದದಿದ್ದರೆ ‘ಇನ್ನೂ ಹುಡುಕುತ್ತಿದ್ದೇವೆ’ ಎಂಬುದೇ ಉತ್ತರ.

ಕಂಡ ಮೇಲೆ ಉಳಿಯುವುದು ವೇಗದ ಕೆಲಸ. ಸ್ಯಾನ್ ಮೇಟಿಯೋ ಸೇತುವೆಯವರೆಗೆ 180 ನಾಟ್ (ಗಂಟೆಗೆ 180 ನಾಟಿಕಲ್ ಮೈಲಿ) ಕಾಯ್ದುಕೊಳ್ಳಿ, ಪಕ್ಕದವರನ್ನು ಹಿಂದಿಕ್ಕಬೇಡಿ ಎಂಬ ಸೂಚನೆ ಮಾಮೂಲಿಯಾಗಿತ್ತು. ಭಾರದ ವಿಮಾನ ತಟ್ಟನೆ ನಿಧಾನವಾಗುವುದಿಲ್ಲವಾದ್ದರಿಂದ ನಾನು ರೆಕ್ಕೆಯಂಚಿನ ಫ್ಲಾಪ್ ಮತ್ತು ಚಕ್ರಗಳನ್ನು ವಾಡಿಕೆಗಿಂತ ಮುಂಚೆಯೇ ಇಳಿಸುತ್ತಿದ್ದೆ. ಇಂಧನ ಸ್ವಲ್ಪ ಹೆಚ್ಚು ಸುಡುತ್ತದೆ, ಸುಡಲಿ. ದೊಡ್ಡ ವಿಮಾನದ ರೆಕ್ಕೆ ಬಿಟ್ಟುಹೋಗುವ ಸುಳಿಗಾಳಿ ಹಿಂದಕ್ಕೂ ಕೆಳಕ್ಕೂ ಸರಿಯುತ್ತದೆಯಾದ್ದರಿಂದ, ಸರಿಸಾಟಿಯಾಗಿ ಪಕ್ಕದಲ್ಲಿರುವವರಿಗಿಂತ ಒಂದೆರಡು ಮೈಲಿ ಹಿಂದೆ, ಗಾಳಿ ಬೀಸಿಕೊಂಡು ಹೋಗುವ ಮಗ್ಗುಲಲ್ಲಿರುವವರಿಗೆ ಅದರ ಕಾಟ ಹೆಚ್ಚು.

ಮೋಡ ಕವಿದ ದಿನಗಳ ಕಥೆಯೇ ಬೇರೆ. ಬೇಸಿಗೆಯ ಬೆಳಗಿನಲ್ಲಿ ಪೆಸಿಫಿಕ್ ಕಡೆಯಿಂದ ಬರುವ ಮೋಡದ ಹಾಸು ಕೊಲ್ಲಿಯನ್ನು ಮುಚ್ಚಿದರೆ ಇಳಿಯುವ ವಿಮಾನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತಿತ್ತು. ಮೋಡ ತೀರ ತಗ್ಗಿನಲ್ಲಿಲ್ಲದಿದ್ದರೆ ಪಿಆರ್‌ಎಂ (ಪ್ರಿಸಿಷನ್ ರನ್‌ವೇ ಮಾನಿಟರ್) ಎಂಬ, ಎರಡೂ ದಾರಿಗಳನ್ನು ನೆಲದಿಂದ ಬಿಡದೆ ಕಾಯುವ ವಿಧಾನವನ್ನು ಬಳಸುತ್ತಿದ್ದರು. ಒಂದು ವಿಮಾನ 28 ಎಡಕ್ಕೆ ನೇರವಾಗಿ ಬರುತ್ತದೆ. ಇನ್ನೊಂದು ತುಸು ಹಿಂದೆ, ಸುಮಾರು ಮೂರು ಡಿಗ್ರಿ ಓರೆಯಾದ ದಾರಿಯಲ್ಲಿ ಬಂದು, ಮೋಡದಿಂದ ಹೊರಬಿದ್ದು ಮುಂದಿನದನ್ನು ಕಣ್ಣಾರೆ ಕಂಡ ಮೇಲೆ ಮಾತ್ರ 28 ಬಲಕ್ಕೆ ಸರಿದುಕೊಳ್ಳುತ್ತದೆ. ಆ ಹಂತದಲ್ಲಿ ಎರಡು ದಾರಿಗಳ ನಡುವೆ ಕನಿಷ್ಠ 3,000 ಅಡಿ, ಅದರ ಮಧ್ಯದಲ್ಲಿ 2,000 ಅಡಿ ಅಗಲದ, ಯಾರೂ ಕಾಲಿಡಬಾರದ ಪಟ್ಟಿ.

ಇಷ್ಟು ಜಾಗ ಸಾಕೆನಿಸುತ್ತದೆ. 180 ನಾಟ್ ವೇಗದಲ್ಲಿ ಬರುವ ವಿಮಾನ ತಪ್ಪಿ 30 ಡಿಗ್ರಿ ಓರೆಯಾಯಿತು ಎಂದಿಟ್ಟುಕೊಳ್ಳಿ: ಅದು ಪಕ್ಕಕ್ಕೆ ಸೆಕೆಂಡಿಗೆ 46 ಮೀಟರ್ ಸರಿಯುತ್ತದೆ, ಮೂರು ಚಿಲ್ಲರೆ ಸೆಕೆಂಡಿನಲ್ಲಿ ನಿಷಿದ್ಧ ಪಟ್ಟಿಯೊಳಗೆ ಬಂದಿರುತ್ತದೆ, ಇಪ್ಪತ್ತನೆಯ ಸೆಕೆಂಡಿಗೆ ಇನ್ನೊಬ್ಬರ ದಾರಿಯ ಮೇಲಿರುತ್ತದೆ. ಹಾಗಾಗಿಯೇ ಪ್ರತಿ ದಾರಿಗೂ ಪ್ರತ್ಯೇಕ ಮಾನಿಟರ್ ಕಂಟ್ರೋಲರ್, ನಮ್ಮ ಬಳಿ ಎರಡು ರೇಡಿಯೋ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಕೇಳುವುದಷ್ಟೇ. ಯಾರದೋ ಮಾತು ಅಡ್ಡಬಂದು ಮೊದಲನೆಯದು ಮುಚ್ಚಿಹೋದರೂ ಎಚ್ಚರಿಕೆ ಎರಡನೆಯದರಲ್ಲಿ ಕೇಳಿಸಬೇಕು.

ಆ ಎಚ್ಚರಿಕೆ ‘ಟ್ರಾಫಿಕ್ ಅಲರ್ಟ್’ ಎಂದು ಶುರುವಾಗುತ್ತದೆ. ಕೇಳಿದೊಡನೆ ಆಟೋಪೈಲಟ್ ಬಿಡಿಸಿ ಕೈಯಿಂದಲೇ ವಿಮಾನವನ್ನು ತಿರುಗಿಸಬೇಕು. ಸಿಮ್ಯುಲೇಟರ್‌ನಲ್ಲಿ ಇದನ್ನು ಅಭ್ಯಾಸ ಮಾಡಿದ ಮೊದಲ ದಿನ ತರಬೇತುದಾರರು ತಿರುಗುವುದರೊಂದಿಗೆ ಕೆಳಗಿಳಿಯಲು ಆದೇಶ ಕೊಟ್ಟಿದ್ದರು. ಇಳಿಯುವುದನ್ನು ಬಿಟ್ಟುಹೋಗುವುದೆಂದರೆ ಏರುವುದು ಎಂದೇ ವರ್ಷಗಟ್ಟಲೆ ಕಲಿತಿದ್ದ ನನ್ನ ಎಡಗೈ ಆಗಲೇ ವಿಮಾನದ ಮೂತಿಯನ್ನು ಮೇಲಕ್ಕೆಳೆದಿತ್ತು. ಅವರು ಪರದೆಯನ್ನು ಅಲ್ಲಿಯೇ ನಿಲ್ಲಿಸಿ, ನಮ್ಮ ಮೇಲ್ಗಡೆ 300 ಅಡಿ ಎತ್ತರದಲ್ಲಿದ್ದ ಇನ್ನೊಂದು ವಿಮಾನವನ್ನು ಬೆರಳಿನಿಂದ ತೋರಿಸಿದರು.