ಆಂಟಿಬಯೋಟಿಕ್ ಶುರುವಾದಾಗ ಮಗುವಿನ ಹೊಟ್ಟೆ ಹೇಗೆ ನೋಡಿಕೊಂಡೆ

ಹಾಸನದಲ್ಲಿ ಮಳೆ ಹಿಡಿಯಿತು ಅಂದ್ರೆ ನಮ್ಮ ಮಗಳಿಗೆ ಶೀತ, ಅದರ ಹಿಂದೆಯೇ ಕಿವಿ ನೋವು. ಅವಳಿಗಿನ್ನೂ ಎರಡು ತುಂಬಿಲ್ಲ. ಈ ಸಲ ಡಾಕ್ಟರ್ ಅಮಾಕ್ಸಿಸಿಲಿನ್, ಕ್ಲಾವುಲನೇಟ್ ಎರಡೂ ಇರುವ ಆಂಟಿಬಯೋಟಿಕ್ ಸಿರಪ್ ಬರೆದರು. ಬರೀ ಅಮಾಕ್ಸಿಸಿಲಿನ್‌ಗಿಂತ ಇದರಲ್ಲಿ ಭೇದಿ ಜಾಸ್ತಿ. ಅದಕ್ಕೇ ಮೊದಲ ದಿನದಿಂದಲೇ ಪ್ರೋಬಯೋಟಿಕ್ (ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳು) ಕೊಡಬಹುದಾ ಅಂತ ಅಲ್ಲೇ ಕೇಳಿದೆ.

ಅವರು ಸ್ಯಾಕರೋಮೈಸಿಸ್ ಬೌಲಾರ್ಡಿ ಪೊಟ್ಟಣ ಬರೆದರು. ಇದು ಬ್ಯಾಕ್ಟೀರಿಯಾ ಅಲ್ಲ, ಒಂದು ಜಾತಿಯ ಯೀಸ್ಟ್. ಆದ್ದರಿಂದ ಆಂಟಿಬಯೋಟಿಕ್‌ಗೆ ಸಾಯುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಥರದ ಬ್ಯಾಕ್ಟೀರಿಯಾ ಆದರೆ ಎರಡು ಗಂಟೆ ಅಂತರ ಬಿಟ್ಟು ಕೊಡಿ ಅನ್ನುತ್ತಾರೆ. ಮೆಡಿಕಲ್‌ನಲ್ಲಿ ಯಾವುದೋ ಒಂದು ಕೊಡಿ ಅಂದರೆ ಆಗಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯಲ್ಲಿ 33 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದಾರೆ. ಪ್ರೋಬಯೋಟಿಕ್ ಇಲ್ಲದ ಮಕ್ಕಳಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಭೇದಿ, ಕೊಟ್ಟವರಲ್ಲಿ 8. ಅಂದರೆ ಉಪಯೋಗ ಇದೆ, ಆದರೆ ಕೊಟ್ಟರೂ ಕೆಲವರಿಗೆ ಆಗೇ ಆಗುತ್ತದೆ.

ಸಿರಪ್ಪನ್ನು ಊಟದ ಮೊದಲ ತುತ್ತಿನ ಜೊತೆ ಕೊಡುತ್ತಿದ್ದೆ. ವಾಂತಿ ಬರಲಿಲ್ಲ. ಪೊಟ್ಟಣದ ಪುಡಿಯನ್ನು ಆರಿದ ರಾಗಿ ಸರಿಯಲ್ಲಿ ಕಲಸುತ್ತಿದ್ದೆ. ಬಿಸಿಗೆ ಹಾಕಿದರೆ ಯೀಸ್ಟ್ ಸತ್ತುಹೋಗುತ್ತದೆ. ಮಧ್ಯಾಹ್ನ ಮೊಸರನ್ನ. "ಶೀತದಲ್ಲಿ ಮೊಸರಾ? ಬೇಡ ಕಣಮ್ಮ" ಅಂತ ಅತ್ತೆ ಗೊಣಗಿದರು. ಫ್ರಿಜ್ಜಿನದ್ದಲ್ಲ, ಆಗಷ್ಟೇ ಹೆಪ್ಪಾದ ಮೊಸರು ಅತ್ತೆ ಅಂದೆ. ಸುಮ್ನಾದರು. ಆದರೆ ಮೊಸರು ಊಟ ಅಷ್ಟೇ, ಪೊಟ್ಟಣದ ಬದಲಿಗಲ್ಲ.

ಇಷ್ಟಾದರೂ ನಡುವೆ ಕಕ್ಕ ನೀರಾಯಿತು. ಔಷಧಿ ನಿಲ್ಲಿಸದೆ ಡಾಕ್ಟರ್‌ಗೆ ಫೋನ್ ಮಾಡಿದೆ, ಮುಂದುವರಿಸಿ ಅಂದರು. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ, ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಕಲಸುವುದು ಬೇಡವೇ ಬೇಡ. ನನ್ನ ಕಣ್ಣೆಲ್ಲ ಉಚ್ಚೆ ಎಷ್ಟು ಸಲ ಹೋಗುತ್ತಾಳೆ ಅನ್ನುವುದರ ಮೇಲೆ. ಅದು ಕಡಿಮೆಯಾದರೆ, ಕಣ್ಣು ಗುಳಿ ಬಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ ಫೋನ್ ಅಲ್ಲ, ನೇರ ಆಸ್ಪತ್ರೆಗೆ. ಕುಂಡಿ ಕೆಂಪಾಗಿತ್ತು. ವೈಪ್ಸ್ ಬಿಟ್ಟು ನೀರಲ್ಲೇ ತೊಳೆದು, ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿದೆ.

ಒಂದು ಎಚ್ಚರಿಕೆ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ಮಕ್ಕಳಿಗೆ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿರುವ ಮಕ್ಕಳಿಗೆ ಈ ಯೀಸ್ಟ್ ಅಪಾಯ. ಕೇಳದೆ ಕೊಡಬೇಡಿ.

ಕೋರ್ಸ್ ಮುಗಿದ ಮೇಲೆ ಬಾಟಲಿಯಲ್ಲಿ ಸ್ವಲ್ಪ ಸಿರಪ್ ಉಳಿದಿತ್ತು. ಮುಂದಿನ ಸಲಕ್ಕೆ ಇರಲಿ ಅಂದರು ಅತ್ತೆ. ನೀರು ಬೆರೆಸಿದ ಮೇಲೆ ಫ್ರಿಜ್ಜಲ್ಲಿಟ್ಟರೂ ಏಳೇ ದಿನ ಅಂತ ಅದರ ಮೇಲೇ ಬರೆದಿತ್ತು. ತೋರಿಸಿ, ಎಸೆದೆ.